ನಮ್ಮ ಹೋಬಳಿಯ ಸರ್ಕಾರಿ ಆಸ್ಪತ್ರೆ: ಎರಡು ವರ್ಷ ಓಡಾಡಿ ನೋಡಿದ ಮೇಲೆ

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ನಮ್ಮೂರ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆಯಬೇಕು, ಸಂಜೆ ಐದೂವರೆಗೆ ಮತ್ತೆ ತೆಗೆಯಬೇಕು. ನಡುವಿನ ಹೊತ್ತಿನಲ್ಲಿ ಮನೆ, ಹೊಲ, ಎರಡು ಹಸು ಮತ್ತು ನಮ್ಮ ಅತ್ತೆ. ಅತ್ತೆಗೆ ಈಗ 67 ವರ್ಷ. ಎರಡು ವರ್ಷದ ಹಿಂದೆ ಶುಗರ್, ಬಿ.ಪಿ. ಎರಡೂ ಒಟ್ಟಿಗೇ ಇದೆ ಅಂತ ಗೊತ್ತಾಯಿತು. ಅವತ್ತಿನಿಂದ ಅವರನ್ನು ಕರೆದುಕೊಂಡು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಾಡುತ್ತಿದ್ದೇನೆ. ನಮ್ಮ ಕಡೆ ಅದನ್ನು ಯಾರೂ ಅಷ್ಟು ಉದ್ದ ಹೆಸರಿನಿಂದ ಕರೆಯುವುದಿಲ್ಲ. ಸರ್ಕಾರಿ ಆಸ್ಪತ್ರೆ ಅಂದರೆ ಅದೇ.

ಆ ಆಸ್ಪತ್ರೆ ಹೇಗಿದೆ ಅಂತ ಬರೆಯಲು ಕೂತಿದ್ದೇನೆ. ಊರಿನ ಹೆಸರು ಬೇಡ. ಅಲ್ಲಿ ದುಡಿಯುವವರಲ್ಲಿ ಒಳ್ಳೆಯವರೇ ಜಾಸ್ತಿ, ಅವರಿಗೆ ತೊಂದರೆ ಆಗಬಾರದು. ನಂಬರ್ ಕೊಡು ಅಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಒಳಗೆ ಸಿಗುವ ಚಿಕಿತ್ಸೆಗೆ ನಾಲ್ಕು. ಅಲ್ಲಿಗೆ ಹೋಗಿ ಬರುವ ಕಷ್ಟಕ್ಕೆ ಅರ್ಧ ಕಳೆದಿದ್ದೇನೆ. ಈ ಅರ್ಧದ ಬಗ್ಗೆಯೇ ನನಗೆ ಜಾಸ್ತಿ ಹೇಳಲಿಕ್ಕಿದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಓಪಿ ಚೀಟಿಗೆ ದುಡ್ಡಿಲ್ಲ. ಶುಗರ್, ಬಿ.ಪಿ. ನೋಡುವುದಕ್ಕೆ ದುಡ್ಡಿಲ್ಲ. ಅತ್ತೆಗೆ ಬರೆದುಕೊಟ್ಟ ಮೆಟ್ಫಾರ್ಮಿನ್, ಆಮ್ಲೋಡಿಪಿನ್ ಎರಡೂ ಅಲ್ಲೇ ಕಿಟಕಿಯಲ್ಲಿ ಸಿಗುತ್ತವೆ. ಎರಡು ವರ್ಷದಲ್ಲಿ ಮೂರು ಸಲ ಮಾತ್ರ 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಅಂದಿದ್ದಾರೆ. ಈಗಿರುವ ಡಾಕ್ಟರಮ್ಮ ಚೆನ್ನಾಗಿ ನೋಡುತ್ತಾರೆ. ಅತ್ತೆಯ ಪಾದ ಎತ್ತಿ ಬೆರಳ ಸಂದಿಯಲ್ಲೆಲ್ಲ ನೋಡಿದರು. ಗಾಯ ಆದರೆ ಒಂದು ದಿನವೂ ತಡ ಮಾಡಬೇಡಿ ಅಂದರು. ಹೊರಗೆ ಬಂದ ಮೇಲೆ ಅತ್ತೆ, 'ನನ್ನ ಕಾಲು ಮುಟ್ಟಿ ನೋಡಿದ್ರಲ್ಲೇ' ಅಂತ ಅದನ್ನೇ ಹೇಳುತ್ತಿದ್ದರು. ಅವತ್ತಿನಿಂದ ಅವರು ಬರಿಗಾಲಲ್ಲಿ ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟಿದ್ದಾರೆ. ನಾನು ಹತ್ತು ಸಲ ಹೇಳಿದ್ದರೂ ಬಿಟ್ಟಿರಲಿಲ್ಲ.

ಈಗ ಹೋಗಿ ಬರುವ ವಿಷಯ. ನಮ್ಮೂರಿಂದ ಆಸ್ಪತ್ರೆಗೆ ಏಳು ಕಿಲೋಮೀಟರ್. ಬಸ್ಸು ಬೆಳಿಗ್ಗೆ 8.50ಕ್ಕೆ ಒಂದು. ಅಲ್ಲಿಂದ ವಾಪಸ್ಸು ಮಧ್ಯಾಹ್ನ 1.15ಕ್ಕೆ. ನಡುವೆ ಬೇರೆ ಬಸ್ಸಿಲ್ಲ. ಶುಗರ್ ನೋಡಬೇಕಾದರೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಲ್ಯಾಬ್ ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡ ಮುದುಕಿ ಅಷ್ಟು ಹೊತ್ತಿನ ತನಕ ಏನೂ ತಿನ್ನದೆ ಬಸ್ಸಿನಲ್ಲಿ ನಿಂತು ಬರಬೇಕು. ಒಂದು ಸಲ ಬಸ್ಸು ಇಳಿಯುವಾಗಲೇ ಅತ್ತೆಗೆ ಕಣ್ಣು ಕತ್ತಲೆ ಬಂತು. ಈಗ ಚೀಲದಲ್ಲಿ ರೊಟ್ಟಿ, ಹುರುಳಿ ಚಟ್ನಿ ಕಟ್ಟಿಕೊಂಡೇ ಹೋಗುತ್ತೇವೆ. ರಕ್ತ ಕೊಟ್ಟ ತಕ್ಷಣ ಬೇವಿನ ಮರದ ಕಟ್ಟೆ ಮೇಲೆ ಕೂತು ತಿನ್ನುತ್ತಾರೆ. ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ಅಷ್ಟು ಹೊತ್ತಿಗೆ ಹನ್ನೆರಡು ಗಂಟೆ. ಡಾಕ್ಟರನ್ನು ನೋಡಿ, ಮಾತ್ರೆ ತೆಗೆದುಕೊಂಡು, ಓಡಿ ಬಸ್ಸು ಹಿಡಿಯಬೇಕು.

ಬಸ್ಸಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದರ ಬಗ್ಗೆ ಯಾರು ಏನೇ ವಾದ ಮಾಡಲಿ, ಆಸ್ಪತ್ರೆಯ ಬೆಂಚಿನ ಮೇಲೆ ಅದು ಏನು ಮಾಡಿದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲೆಲ್ಲ ನಮ್ಮೂರ ಹೆಂಗಸರು ಗಂಡನ ಬೈಕಿನ ಹಿಂದೆ ಕೂತು ಬರುತ್ತಿದ್ದರು, ಗಂಡನಿಗೆ ಬಿಡುವಾದ ದಿನ. ಡಾಕ್ಟರ ಮುಂದೆ ಗಂಡನೇ ಮಾತಾಡುತ್ತಿದ್ದ, 'ಇವಳಿಗೆ ಸ್ವಲ್ಪ ಸುಸ್ತು ಸಾರ್' ಅಂತ. ಈಗ ಇಬ್ಬರು ಮೂವರು ಜೊತೆಗೂಡಿ ಆಧಾರ್ ಕಾರ್ಡು ಹಿಡಿದುಕೊಂಡು ತಾವೇ ಬಸ್ಸು ಹತ್ತುತ್ತಾರೆ. ತಮ್ಮ ನೋವನ್ನು ತಾವೇ ಹೇಳುತ್ತಾರೆ. ಟಿಕೆಟ್ ದುಡ್ಡು ದೊಡ್ಡದೇನಲ್ಲ. ಆದರೆ ಅದನ್ನು ಮನೆಯಲ್ಲಿ ಕೇಳಿ ಇಸಿದುಕೊಳ್ಳಬೇಕಲ್ಲ, ಕೇಳಿದರೆ ಯಾಕೆ ಅಂತ ಹೇಳಬೇಕಲ್ಲ, ಅದು ದೊಡ್ಡದು.

ಅದೇ ವರ್ಷ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ₹2,000 ಬರತೊಡಗಿತು. ಅತ್ತೆಯ ಖಾತೆಗೆ ಬರುತ್ತದೆ. ಮೊದಲ ತಿಂಗಳ ದುಡ್ಡಿನಲ್ಲಿ ಅವರು ಮಾಡಿದ ಕೆಲಸ, ನಾಲ್ಕು ವರ್ಷದಿಂದ ಮಂಜಾಗಿದ್ದ ಕಣ್ಣನ್ನು ತೋರಿಸಿಕೊಂಡು ಬಂದಿದ್ದು. ನಾಲ್ಕು ವರ್ಷ! ನಾವೇನು ಬೇಡ ಅಂದಿರಲಿಲ್ಲ. ಅವರೇ ಕೇಳಿರಲಿಲ್ಲ.

ಇದನ್ನು ಬರೆಯುವಾಗ ಮನಸ್ಸಿಗೆ ಬೇಜಾರಾಗುತ್ತದೆ. ಡೇರಿಯಲ್ಲಿ ನಾನು ದಿನಾ ನೋಡುವುದೂ ಇದನ್ನೇ. ನಮ್ಮಲ್ಲಿ ಹಾಲಿನ ಬಟವಾಡೆ ಹದಿನೈದು ದಿನಕ್ಕೊಮ್ಮೆ. ಬಟವಾಡೆಗೆ ಮುಂಚೆ ದುಡ್ಡು ಬೇಕಾದವರಿಗೆ ಸ್ವಲ್ಪ ಅಡ್ವಾನ್ಸ್ ಕೊಡುತ್ತೇವೆ. ಯಾತಕ್ಕೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಬೂಸಾ, ಹಿಂಡಿ, ಸ್ಕೂಲ್ ಫೀಸು, ಆಸ್ಪತ್ರೆ. ಆಸ್ಪತ್ರೆ ಅಂತ ಬರೆದ ಸಾಲುಗಳನ್ನು ಒಂದು ದಿನ ಕೂತು ತಿರುವಿ ನೋಡಿದೆ. ಮಗುವಿಗೆ, ಗಂಡನಿಗೆ, ಮಾವನಿಗೆ, ಮಗಳ ಬಾಣಂತನಕ್ಕೆ. ನಮ್ಮದು ಮಹಿಳಾ ಸಂಘ, ಹಾಲು ಹಾಕುವವರೆಲ್ಲ ಹೆಂಗಸರು. ತನ್ನ ಸೊಂಟನೋವಿಗೆ ಅಂತ ಅಡ್ವಾನ್ಸ್ ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಬಟವಾಡೆ ಆದ ಮಾರನೇ ದಿನ ನೋಡಿ, ಹೋಬಳಿಯ ಪ್ರೈವೇಟ್ ಕ್ಲಿನಿಕ್ಕಿನ ಮುಂದೆ ಚಪ್ಪಲಿ ಬಿಡಲು ಜಾಗ ಇರುವುದಿಲ್ಲ. ಬಟವಾಡೆಗೆ ಮುಂಚಿನ ವಾರ ಅದೇ ಕ್ಲಿನಿಕ್ ಖಾಲಿ. ಊರಲ್ಲಿ ಜ್ವರ, ಕೆಮ್ಮು ಹದಿನೈದು ದಿನ ಲೆಕ್ಕ ಹಾಕಿಕೊಂಡು ಬರುತ್ತದಾ?

ಇನ್ನೊಂದು ಹೇಳಲೇಬೇಕು. ಹಸುವಿಗೆ ಕೆಚ್ಚಲು ಬಾವು ಬಂದರೆ ಅರ್ಧ ಗಂಟೆಯಲ್ಲಿ ದನದ ಡಾಕ್ಟರಿಗೆ ಫೋನು ಹೋಗುತ್ತದೆ. ರಾತ್ರಿ ಹತ್ತಾದರೂ ಸರಿ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ಹಾಗೇ ಮಾಡುತ್ತೇನೆ. ಹಾಲು ನಿಂತರೆ ಅವತ್ತೇ ದುಡ್ಡು ನಿಲ್ಲುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಹಾಲು ಕರೆಯುವವಳ ಕೈ ಮರಗಟ್ಟಿದರೆ ಅವಳು ಇನ್ನೊಂದು ಕೈಯಲ್ಲಿ ಕರೆಯುತ್ತಾಳೆ. ಯಾವ ಪುಸ್ತಕದಲ್ಲೂ ಅದು ಕಾಣುವುದಿಲ್ಲ.

ಆಸ್ಪತ್ರೆಯ ಸಮಯದ ಬಗ್ಗೆ ನನ್ನ ದೂರು ಇಲ್ಲಿಂದಲೇ ಹುಟ್ಟಿದ್ದು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಕೂಲಿಗೆ ಹೋಗುವವರ ಹೊತ್ತೂ ಅದೇ. ನಮ್ಮ ಕಡೆ ಹೆಣ್ಣಾಳಿಗೆ ದಿನಕ್ಕೆ ₹300, ಗಂಡಾಳಿಗೆ ₹500 ಇದೆ. ಶುಂಠಿ ಕೀಳುವ ಕಾಲದಲ್ಲಿ ಇನ್ನೂ ಜಾಸ್ತಿ. ಸರ್ಕಾರಿ ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯಿತು. ಪ್ರೈವೇಟ್ ಡಾಕ್ಟರು ಸಂಜೆ ಆರರಿಂದ ಒಂಬತ್ತರ ತನಕ ಕೂರುತ್ತಾರೆ. ಫೀಸು ₹150, ಒಂದು ಇಂಜೆಕ್ಷನ್, ಮೇಲೆ ಮಾತ್ರೆ. ಎಲ್ಲ ಸೇರಿ ₹350 ಆಗಬಹುದು. ದಿನದ ಕೂಲಿ ಉಳಿಯುತ್ತದೆ, ಕಾಯುವುದೂ ಕಡಿಮೆ. ಲೆಕ್ಕ ಹಾಕಿದರೆ ಗಂಡಾಳಿಗೆ ದುಡ್ಡಿನ ಡಾಕ್ಟರೇ ಅಗ್ಗ. 'ಪುಕ್ಕಟೆ ಆಸ್ಪತ್ರೆ ಇದ್ದರೂ ಈ ಜನ ಪ್ರೈವೇಟಿಗೆ ಯಾಕೆ ಓಡ್ತಾರೋ' ಅಂತ ಪೇಟೆಯವರು ಕೇಳುತ್ತಾರೆ. ಬಡವರಿಗೆ ಲೆಕ್ಕ ಬರುವುದಿಲ್ಲ ಅಂತ ಅಂದುಕೊಳ್ಳಬೇಡಿ. ಅವರು ಲೆಕ್ಕ ಹಾಕಿಯೇ ಹೋಗಿರುತ್ತಾರೆ.

ಅದಕ್ಕಿಂತ ಅಗ್ಗದ ದಾರಿ ಮೆಡಿಕಲ್ ಸ್ಟೋರು. ಡಾಕ್ಟರೂ ಬೇಡ, ಚೀಟಿಯೂ ಬೇಡ. 'ಮೈಕೈ ನೋವು, ಎರಡು ಹೊತ್ತಿಗೆ ಕೊಡಿ' ಅಂದರೆ ₹30ಕ್ಕೆ ಮಾತ್ರೆ ಕಟ್ಟಿ ಕೊಡುತ್ತಾರೆ. ನಮ್ಮ ಬೀದಿಯ ಒಬ್ಬ ದೊಡ್ಡಪ್ಪ ಮಂಡಿನೋವಿಗೆ ಹೀಗೆ ವರ್ಷಗಟ್ಟಲೆ ತಿಂದರು. ಕೊನೆಗೆ ಕಾಲು, ಮುಖ ಊದಿಕೊಂಡು ಹಾಸನದ ದೊಡ್ಡಾಸ್ಪತ್ರೆಗೆ ಹೋದಾಗ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂದರು. ಆಮೇಲೆ ಅವರು ಓಡಾಡಿದ ಓಡಾಟ, ಮಾರಿದ ಹಸು, ಅದೆಲ್ಲ ಊರಿಗೇ ಗೊತ್ತು.

ಇಲ್ಲಿ ಕಾರ್ಡಿನ ಮಾತು ಬರುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ₹5 ಲಕ್ಷದ ತನಕ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ ಯಶಸ್ವಿನಿ 2018ರಲ್ಲಿ ನಿಂತಿತ್ತು, ಮತ್ತೆ ಶುರುವಾಗಿದೆ. ನಾಲ್ಕು ಜನರ ಮನೆಗೆ ಹಳ್ಳಿಯಲ್ಲಿ ₹500. ಸಂಘದ ಸದಸ್ಯರಿಂದ ಅದನ್ನು ಕಟ್ಟಿಸುವ ಕೆಲಸವೂ ನನ್ನದೇ. ಮನೆ ಮನೆಗೆ ಹೋಗಿ ಕಟ್ಟಿಸಿದ್ದೇನೆ, ಒಳ್ಳೆಯ ಕೆಲಸ ಅಂತ ನಂಬಿಯೇ ಮಾಡಿದ್ದೇನೆ. ಆಪರೇಷನ್ ಆದವರು ಬಂದು ಕೈ ಹಿಡಿದುಕೊಂಡು ಅತ್ತಿದ್ದಾರೆ. ಆದರೆ ಈ ಕಾರ್ಡುಗಳು ಹೆಚ್ಚಾಗಿ ಕೆಲಸಕ್ಕೆ ಬರುವುದು ಅಡ್ಮಿಟ್ ಆದಾಗ. ಮಂಡಿನೋವಿಗೆ ಒಂದು ದಿನದ ಕೂಲಿ ಬಿಟ್ಟು ಡಾಕ್ಟರಿಗೆ ತೋರಿಸಿಕೊಂಡು ಬಾ ಅಂತ ಆ ಕೂಲಿಯನ್ನು ಕೊಡುವ ಕಾರ್ಡು ಯಾವುದೂ ಇಲ್ಲ. ದೊಡ್ಡಪ್ಪನಿಗೆ ಬೇಕಾಗಿದ್ದದ್ದು ಆ ಒಂದು ದಿನದ ಕೂಲಿ ₹500 ಮಾತ್ರ.

ಈಗ ಮಾತ್ರೆಯ ವಿಷಯ. ಇದು ಜಗಳ ಮಾಡಿ ಸರಿ ಮಾಡಿಸಿಕೊಂಡದ್ದು. ಶುರುವಿನಲ್ಲಿ ಅತ್ತೆಗೆ ಹತ್ತು ದಿನದ ಮಾತ್ರೆ ಮಾತ್ರ ಕೊಡುತ್ತಿದ್ದರು. ತಿಂಗಳಿಗೆ ಮೂರು ಸಲ ಹೋಗಬೇಕು. ಮೂರು ಸಲವೂ ಅದೇ ಬಸ್ಸು, ಅದೇ ಸಾಲು, ಅದೇ ಮಾತ್ರೆ. ಆಸ್ಪತ್ರೆಯ ಪುಸ್ತಕದಲ್ಲಿ ರೋಗಿಗಳ ಲೆಕ್ಕ ಮೂರು ಪಟ್ಟು ಕಾಣಿಸುತ್ತದೆ, ಸರಿ. ಊರಲ್ಲಿ ಏನಾಗುತ್ತಿತ್ತು ಗೊತ್ತಾ? ಜನ ಮೊದಲನೇ ಸಲ ಹೋಗುತ್ತಿದ್ದರು. ಎರಡನೇ ಸಲ ಹೋಗುತ್ತಿರಲಿಲ್ಲ. ಹತ್ತು ದಿನ ಮಾತ್ರೆ, ಇಪ್ಪತ್ತು ದಿನ ಬರಿಗೈ. ಶುಗರ್ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ 'ಉಳಿಸುವವರೂ' ಇದ್ದರು. ನಾನು ಒಂದು ದಿನ ಫಾರ್ಮಸಿ ಕಿಟಕಿಯಲ್ಲಿ ಕೇಳಿಯೇ ಬಿಟ್ಟೆ. 'ಮೇಲಿಂದ ಸ್ಟಾಕ್ ಹಂಗೇ ಬರೋದಮ್ಮ, ಎಲ್ಲರಿಗೂ ಸಾಲಬೇಕಲ್ಲ' ಅಂದರು ಅವರು. ಅವರದ್ದೂ ನಿಜವೇ ಇರಬಹುದು. ಡಾಕ್ಟರಮ್ಮನ ಹತ್ತಿರ ಹೋಗಿ, 'ಮೇಡಂ, ನಮ್ಮ ಬೀದಿಯಲ್ಲಿ ಏಳು ಜನ ಶುಗರಿನವರಿದ್ದಾರೆ, ಏಳು ಜನವೂ ತಿಂಗಳಿಗೆ ಮೂರು ಸಲ ಬರೋಕೆ ಆಗಲ್ಲ' ಅಂದೆ. ಅವರು ಹೆಸರು ಬರೆದುಕೊಂಡರು. ಎರಡು ತಿಂಗಳು ಆದ ಮೇಲೆ, ಮಾತ್ರೆ ಒಂದೇ ಹದದಲ್ಲಿ ನಡೆಯುತ್ತಿರುವವರಿಗೆ 30 ದಿನದ್ದು ಒಟ್ಟಿಗೆ ಕೊಡಲು ಶುರು ಮಾಡಿದರು. ನಮ್ಮ ಬೀದಿಯವರು ಈಗ ಕಡಿಮೆ ಸಲ ಹೋಗುತ್ತಾರೆ, ಆದರೆ ಮಾತ್ರೆ ಬಿಡುವುದಿಲ್ಲ. ಚಿಕಿತ್ಸೆಗೆ ನಾನು ಕೊಟ್ಟ ನಾಲ್ಕರಲ್ಲಿ ಅರ್ಧ ನಂಬರ್ ಇದೊಂದಕ್ಕೇ.

ಮಾತಾಡಿಸುವ ರೀತಿಯ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆ ಪೂರ್ತಿ ಆಗುವುದಿಲ್ಲ. ಮೊದಲು ಅಲ್ಲಿ ಚೀಟಿ ಬರೆಯುತ್ತಿದ್ದವರು ಒಬ್ಬರಿದ್ದರು. ಒಳ್ಳೆಯ ಸೀರೆ ಉಟ್ಟು ಬಂದವರಿಗೆ 'ಬನ್ನಿ, ಕೂತ್ಕೊಳ್ಳಿ'. ಕಾಲೋನಿಯಿಂದ ಬಂದ, ಮಣ್ಣು ಮೆತ್ತಿದ ಕೈಯ ಅಜ್ಜಿಗೆ 'ಏಯ್, ಆ ಕಡೆ ನಿಂತ್ಕೋ'. ಅಜ್ಜಿ ಏನೂ ಅನ್ನಲಿಲ್ಲ. ಮುಂದಿನ ಸಲ ಬರಲಿಲ್ಲ, ಅಷ್ಟೇ. ಅವರ ಮೊಮ್ಮಗಳು ಡೇರಿಗೆ ಹಾಲು ಹಾಕಲು ಬಂದಾಗ ಕೇಳಿದೆ. 'ಅಜ್ಜಿ ಸತ್ರೂ ಅಲ್ಲಿಗೆ ಬರಲ್ಲ ಅಂತಾಳಕ್ಕ' ಅಂದಳು. ಆ ಚೀಟಿ ಬರೆಯುತ್ತಿದ್ದವರು ವರ್ಗ ಆಗಿ ಹೋದರು. ಈಗಿರುವ ಸಿಸ್ಟರ್ ಬಿಜಾಪುರದ ಕಡೆಯವರು. 'ಬರ್ರಿ ಅಜ್ಜಿ, ಕೂಡ್ರಿ' ಅಂತಾರೆ ಎಲ್ಲರಿಗೂ. ಕೈ ಹಿಡಿದು ಬಿ.ಪಿ. ಪಟ್ಟಿ ಸುತ್ತುತ್ತಾರೆ. ಆ ಅಜ್ಜಿ ಮತ್ತೆ ಬರಲು ಶುರು ಮಾಡಿ ಎಂಟು ತಿಂಗಳಾಯಿತು. ಆಸ್ಪತ್ರೆ ಗೋಡೆಗೆ ಹೊಸ ಬಣ್ಣ ಹೊಡೆದದ್ದಕ್ಕೆ ಯಾರೂ ಹೊಸದಾಗಿ ಬಂದಿದ್ದನ್ನು ನಾನು ನೋಡಿಲ್ಲ. ಈ 'ಬರ್ರಿ' ಕೇಳಿ ಬಂದವರನ್ನು ನೋಡಿದ್ದೇನೆ.

ಹೆಂಗಸರ ವಿಷಯಕ್ಕೆ ಬಂದರೆ, ಡಾಕ್ಟರ ಕೋಣೆಗೆ ಪರದೆ ಇರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು, ಸಾಲು ಬಾಗಿಲ ತನಕ. ಬಿಳಿ ಸೆರಗು, ಮುಟ್ಟಿನ ತೊಂದರೆ, ಕೆಳಹೊಟ್ಟೆ ನೋವು, ಇದನ್ನೆಲ್ಲ ಹಿಂದೆ ನಿಂತ ಮಾವನ ವಯಸ್ಸಿನವರಿಗೆ ಕೇಳುವಂತೆ ಯಾರು ಹೇಳುತ್ತಾರೆ? 'ಸುಮ್ನೆ ತಲೆನೋವು' ಅಂತ ಹೇಳಿ ಮಾತ್ರೆ ಇಸಿದುಕೊಂಡು ಬಂದವರು ಎಷ್ಟೋ ಜನ. ಹೋದ ಯುಗಾದಿಗೆ ನಮ್ಮ ಸಂಘದವರೇ ಸೇರಿ ದಪ್ಪ ಹಸಿರು ಪರದೆ ಹೊಲಿಸಿ ಕೊಟ್ಟೆವು. ಈಗ ಡಾಕ್ಟರಮ್ಮ ಬೇರೆ ಇದ್ದಾರಲ್ಲ, ಪರದೆ ಎಳೆದು ಕೇಳುತ್ತಾರೆ. ನಮ್ಮ ಆಶಾ ಅಕ್ಕ ಹೇಳುವ ಪ್ರಕಾರ, ಬೇರೆ ಹಳ್ಳಿಯ ಹೆಂಗಸರೂ 'ಪರದೆ ಇರೋ ಆಸ್ಪತ್ರೆ' ಅಂತ ಕೇಳಿಕೊಂಡು ಬರುತ್ತಾರಂತೆ.

ಆಶಾ ಅಕ್ಕನ ಬಗ್ಗೆ ಎರಡು ಮಾತು. ಸಾವಿರ ಜನಕ್ಕೆ ಒಬ್ಬರು ಅನ್ನುವುದು ಲೆಕ್ಕ. ಬಸುರಿಯರನ್ನು ತಿಂಗಳ 9ನೇ ತಾರೀಖಿನ ತಪಾಸಣೆಗೆ ಕರೆದುಕೊಂಡು ಹೋಗುವುದು, ಗುರುವಾರ ಮಕ್ಕಳಿಗೆ ಲಸಿಕೆ ಹಾಕಿಸುವುದು ಎಲ್ಲ ಅವರೇ. ಬಸುರಿ, ಬಾಣಂತಿ, ಮಗು ಇರುವ ಮನೆಯವರು ಆಸ್ಪತ್ರೆಗೆ ತಪ್ಪದೆ ಹೋಗುತ್ತಾರೆ, ಯಾಕೆಂದರೆ ಕರೆಯಲು ಒಬ್ಬರು ಬಾಗಿಲಿಗೆ ಬರುತ್ತಾರೆ. ಐವತ್ತು ದಾಟಿದವರನ್ನು ಹಾಗೆ ಬೆನ್ನು ಹತ್ತಿ ಕರೆಯುವವರು ಯಾರೂ ಇಲ್ಲ. ಗಂಡಸರನ್ನಂತೂ ಕೇಳಲೇಬೇಡಿ. ಎದೆ ಹಿಡಿದುಕೊಂಡ ದಿನವೇ ಅವರು ಮೊದಲ ಸಲ ಬಿ.ಪಿ. ನೋಡಿಸಿಕೊಳ್ಳುವುದು.

ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಒಂದು ಮಾತು ಹೇಳಿದಳು. ಕೇರಳದಲ್ಲಿ ಜನರ ಆಯುಷ್ಯ ಜಾಸ್ತಿ. ಆದರೆ ಸರ್ವೆಯವರು ಮನೆಗೆ ಹೋಗಿ ಕೇಳಿದರೆ ನಮಗೆ ಕಾಯಿಲೆ ಇದೆ ಅಂತ ಹೇಳುವವರೂ ಅಲ್ಲೇ ಜಾಸ್ತಿಯಂತೆ. ಬಿಹಾರದಲ್ಲಿ ಹಾಗೆ ಹೇಳುವವರು ಎಷ್ಟೋ ಕಡಿಮೆಯಂತೆ. 'ಅಮ್ಮ, ಕಾಯಿಲೆ ಅಂತ ಗೊತ್ತಾಗೋಕೂ ಹತ್ತಿರ ಆಸ್ಪತ್ರೆ ಇರಬೇಕು, ಸ್ವಲ್ಪ ಓದಿರಬೇಕು' ಅಂದಳು. ನನಗೆ ತಕ್ಷಣ ಅತ್ತೆ ನೆನಪಾದರು. ಎರಡು ವರ್ಷದ ಹಿಂದೆ ಅವರನ್ನು ಯಾರು ಕೇಳಿದ್ದರೂ 'ನನಗೇನಾಗಿದೆ, ಕಲ್ಲುಗುಂಡಿನ ಹಂಗಿದೀನಿ' ಅನ್ನುತ್ತಿದ್ದರು. ಶುಗರ್ ಆಗಲೇ 300 ದಾಟಿತ್ತು. ರಾತ್ರಿ ನಾಲ್ಕು ಸಲ ಏಳುವುದು, ಬಾಯಾರಿಕೆ, ಕಾಲು ಉರಿ, ಎಲ್ಲ ವಯಸ್ಸಿಗೆ ಬಂದದ್ದು ಅಂದುಕೊಂಡಿದ್ದರು.

ಸರಿಯಿಲ್ಲದ್ದು ಇನ್ನೂ ಎರಡಿವೆ. ಚೀಟಿ ಮಾಡಿಸಲು ಫೋನ್ ನಂಬರ್ ಕೇಳುತ್ತಾರೆ, ಅದಕ್ಕೆ ಒಟಿಪಿ ಬರುತ್ತದೆ. ಮನೆಯಲ್ಲಿರುವ ಒಂದೇ ಫೋನು ಗಂಡನ ಜೇಬಿನಲ್ಲಿ ಹೊಲದಲ್ಲಿರುತ್ತದೆ. ಒಟಿಪಿ ಕೇಳಿ ಅಲ್ಲೇ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಸಿಸ್ಟರ್ ಇದ್ದರೆ ಕೈಬರಹದ ಚೀಟಿ ಕೊಟ್ಟು ಒಳಗೆ ಕಳಿಸುತ್ತಾರೆ, ಇಲ್ಲದ ದಿನ ಕಷ್ಟ. ಎರಡನೆಯದು, ಡಾಕ್ಟರು ನಿಲ್ಲುವುದಿಲ್ಲ. ಎರಡು ವರ್ಷದಲ್ಲಿ ಮೂವರು ಬದಲಾದರು. ಒಬ್ಬರು ಕಡ್ಡಾಯ ಗ್ರಾಮೀಣ ಸೇವೆಗೆ ಬಂದ ಹುಡುಗ, ತುಂಬಾ ಒಳ್ಳೆಯವರು, ವರ್ಷ ಮುಗಿಯಿತು ಹೋದರು. ನಡುವೆ ನಾಲ್ಕು ತಿಂಗಳು ಡಾಕ್ಟರೇ ಇರಲಿಲ್ಲ. ಆ ನಾಲ್ಕು ತಿಂಗಳು ಪ್ರೈವೇಟಿಗೆ ಹೋದ ಜನರಲ್ಲಿ ಅರ್ಧ ಮಂದಿ ವಾಪಸ್ಸು ಬರಲೇ ಇಲ್ಲ. ಸಾಲ ಮಾಡಿ ಅಲ್ಲಿಗೇ ಹೋಗುತ್ತಿದ್ದಾರೆ.

ಹೋಗುವವರಿಗೆ ನನಗೆ ತಿಳಿದಿದ್ದು ಹೇಳುತ್ತೇನೆ. ಸೋಮವಾರ ಸಂತೆ, ಅವತ್ತು ಹೋಗಬೇಡಿ. ಗುರುವಾರ ಲಸಿಕೆಯ ಗಲಾಟೆ ಇರುತ್ತದೆ. ಬುಧವಾರ, ಶುಕ್ರವಾರ ಆರಾಮ. ಹಳೆಯ ಚೀಟಿ, ಖಾಲಿ ಮಾತ್ರೆ ಪಟ್ಟಿ ಎರಡನ್ನೂ ತೆಗೆದುಕೊಂಡು ಹೋಗಿ. ಶುಗರಿನವರು ತಿನ್ನಲು ಏನಾದರೂ ಕಟ್ಟಿಕೊಳ್ಳಿ. 30 ದಿನದ ಮಾತ್ರೆ ಬೇಕು ಅಂತ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ಈಗಲೂ ಹತ್ತು ದಿನದ್ದೇ ಕೊಡುತ್ತಾರೆ.

ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ನಮ್ಮ ಸಂಘದಿಂದ ಒಂದು ಅರ್ಜಿ ಕೊಟ್ಟಿದ್ದೇವೆ. ವಾರಕ್ಕೆ ಒಂದು ದಿನವಾದರೂ ಲ್ಯಾಬನ್ನು ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿಂದು, ಹನ್ನೊಂದರ ಹೊತ್ತಿಗೆಲ್ಲ ಕೆಲಸ ಮುಗಿದರೆ ಕೂಲಿಯವರಿಗೆ ಅರ್ಧ ದಿನವಾದರೂ ಸಿಗುತ್ತದೆ. ಬಸ್ಸನ್ನು ಒಂದು ಗಂಟೆ ಮುಂಚೆ ಬಿಡಿ ಅಂತ ಡಿಪೋಗೂ ಬರೆದಿದ್ದೇವೆ. 43 ಹೆಂಗಸರು ಸಹಿ ಹಾಕಿದ್ದಾರೆ, ಹೆಬ್ಬೆಟ್ಟು ಒತ್ತಿದವರೂ ಇದ್ದಾರೆ. ಕಾಲೋನಿಯ ಅಜ್ಜಿಯ ಹೆಬ್ಬೆಟ್ಟು ಮೊದಲನೆಯದು. ಎರಡೂ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಬಂದ ದಿನ ಇಲ್ಲೇ ಸೇರಿಸಿ ಬರೆಯುತ್ತೇನೆ.